ಕ್ಯೋಟೋದ ಹಿಗಾಶಿಯಾಮಾದಲ್ಲಿ ಮೂರು ದಿನ: ಮಂಡಿನೋವಿನ ತಾಯಿ, ದೇವಾಲಯ ಒಲ್ಲದ ತಂದೆ, ಹದಿನಾಲ್ಕು ಸ್ಥಳಗಳ ಪಟ್ಟಿ

ಪ್ರಶ್ನೆ
ಬರೆದವರು: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ನವೆಂಬರ್ ಕೊನೆಯ ವಾರದಲ್ಲಿ ತಂದೆತಾಯಿಯರನ್ನು ಕರೆದುಕೊಂಡು ಜಪಾನಿಗೆ ಹೊರಟಿದ್ದೇನೆ. ಟೋಕಿಯೋದಲ್ಲಿ ನನ್ನ ಕಚೇರಿಯ ಕೆಲಸ ಮುಗಿದ ಮೇಲೆ ಕ್ಯೋಟೋದಲ್ಲಿ ಪೂರ್ಣ ಮೂರು ದಿನಗಳು ಸಿಗುತ್ತವೆ. ಊರಿಡೀ ಸುತ್ತುವ ಆಸೆ ನಮಗಿಲ್ಲ. ಪೂರ್ವದ ಬೆಟ್ಟಸಾಲಿನ ಬುಡದಲ್ಲಿರುವ ಹಿಗಾಶಿಯಾಮಾ ಭಾಗವೊಂದನ್ನೇ ನೆಮ್ಮದಿಯಾಗಿ ನೋಡಿ ಬರೋಣವೆಂದು ನಿಶ್ಚಯಿಸಿದ್ದೇವೆ. ಆದರೆ ಆ ಒಂದು ಭಾಗದಲ್ಲೇ ನಾನು ಗುರುತು ಹಾಕಿಕೊಂಡ ಸ್ಥಳಗಳು ಹದಿನಾಲ್ಕು ಆಗಿವೆ: ಕಿಯೋಮಿಜು-ದೆರಾ, ಯಸಾಕಾ ಗೋಪುರ, ಕೊದಾಯ್-ಜಿ, ಚಿಯೋನ್-ಇನ್, ಶೋರೆನ್-ಇನ್, ಕೆನ್ನಿನ್-ಜಿ, ಸಂಜೂಸಂಗೆನ್-ದೋ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ನಾನ್‌ಜೆನ್-ಜಿ, ಮುರಿನ್-ಆನ್, ಹೇಯಾನ್ ಗುಡಿ, ಏಯ್ಕಾನ್-ದೋ, ಗಿಂಕಾಕು-ಜಿ ಮತ್ತು ತೋಫುಕು-ಜಿ.

ತಾಯಿಯವರಿಗೆ ಅರುವತ್ತೆಂಟು ವರ್ಷ. ಸಮತಟ್ಟಾದ ನೆಲದಲ್ಲಿ ಎಷ್ಟು ದೂರ ಬೇಕಾದರೂ ನಡೆಯುತ್ತಾರೆ, ಮೆಟ್ಟಿಲು ಕಂಡರೆ ಮಾತ್ರ ಮಂಡಿ ಹಿಡಿದುಕೊಳ್ಳುತ್ತಾರೆ. ಅವರು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ತಂದೆಯವರು ವಿದ್ಯುತ್ ಮಂಡಳಿಯಲ್ಲಿ ದುಡಿದು ನಿವೃತ್ತರಾದವರು. ದೇವಾಲಯವೆಂದರೆ ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುವ ಪೈಕಿ. ಇಬ್ಬರಿಗೂ ಒಪ್ಪುವಂತೆ ಮೂರು ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಎಂಬುದನ್ನು ಹೋಗಿ ಬಂದವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ. ಇನ್ನೊಂದು ಸಣ್ಣ ಸಂದೇಹವೂ ಇದೆ. ಮರಳಿನ ಮೇಲೆ ಗೆರೆ ಎಳೆದು ನಾಲ್ಕು ಕಲ್ಲು ನಿಲ್ಲಿಸಿದ ತೋಟಗಳನ್ನು ಚಿತ್ರಗಳಲ್ಲಿ ನೋಡಿದ್ದೇನೆ. ಹೂವಿಲ್ಲದ, ನೀರಿಲ್ಲದ ಆ ತೋಟವನ್ನು ದುಡ್ಡು ಕೊಟ್ಟು ನೋಡುವುದರಲ್ಲಿ ಏನಿದೆ ಎಂದು ತಾಯಿಯವರು ಕೇಳುತ್ತಿದ್ದಾರೆ. ನನಗೂ ಉತ್ತರ ತಿಳಿಯದು.


ಉತ್ತರ 1
ಬರೆದವರು: ಒಸಾಕಾದ ಹಳಬ

ಕೆಲಸದ ನಿಮಿತ್ತ ಒಸಾಕಾದಲ್ಲಿ ಹನ್ನೊಂದು ವರ್ಷ ಇದ್ದೆ. ಊರಿನಿಂದ ಬಂದ ನೆಂಟರಿಷ್ಟರನ್ನೆಲ್ಲ ಕ್ಯೋಟೋಕ್ಕೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೇ ಬರುತ್ತಿದ್ದುದರಿಂದ ಈ ಪಟ್ಟಿಯನ್ನು ಕಂಡೊಡನೆ ಒಂದು ಮಾತು ಹೇಳಬೇಕೆನಿಸಿತು: ಇದರಲ್ಲಿ ಅರ್ಧವನ್ನು ಈಗಲೇ ಹೊಡೆದುಹಾಕಿ. ನವೆಂಬರ್ ಕೊನೆಯಲ್ಲಿ ಕ್ಯೋಟೋದಲ್ಲಿ ಸೂರ್ಯ ಮುಳುಗುವುದು ಸಂಜೆ ಐದಕ್ಕೂ ಮೊದಲು. ಹೆಚ್ಚಿನ ದೇವಾಲಯಗಳು ನಾಲ್ಕು, ನಾಲ್ಕೂವರೆಗೆ ಒಳಬಿಡುವುದನ್ನು ನಿಲ್ಲಿಸುತ್ತವೆ. ಮೇಲಾಗಿ ಅದು ಮೇಪಲ್ ಎಲೆಗಳು ಕೆಂಪೇರುವ ಕಾಲ. ಜಪಾನೀಯರೇ ದೇಶದ ಮೂಲೆಮೂಲೆಗಳಿಂದ ಬಂದು ಸೇರುತ್ತಾರೆ. ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಂಡಿನೋವಿನ ಹಿರಿಯರಿದ್ದಾಗ ಬಸ್ಸನ್ನು ಮರೆತು, ಕೇಯ್‌ಹಾನ್ ರೈಲು, ತೋಜಾಯ್ ಮಾರ್ಗದ ಸುರಂಗ ರೈಲು ಮತ್ತು ಟ್ಯಾಕ್ಸಿಯನ್ನು ನೆಚ್ಚಿಕೊಳ್ಳುವುದು ಒಳ್ಳೆಯದು. (ಟ್ಯಾಕ್ಸಿಯ ಹಿಂಬದಿಯ ಬಾಗಿಲು ತಾನಾಗಿಯೇ ತೆರೆದು ಮುಚ್ಚಿಕೊಳ್ಳುತ್ತದೆ. ನಮ್ಮ ಚಿಕ್ಕಪ್ಪನವರು ಅದನ್ನು ಎಳೆದು ಮುಚ್ಚಲು ಹೋಗಿ ಚಾಲಕನಿಂದ ಬಲು ವಿನಯದ ಆಕ್ಷೇಪಣೆ ಕೇಳಿಸಿಕೊಂಡರು.)

ಹಿಗಾಶಿಯಾಮಾ ಎಂಬುದು ಉದ್ದಕ್ಕೆ ಹಬ್ಬಿದ ಪ್ರದೇಶ. ಆಡಳಿತದ ಲೆಕ್ಕದಲ್ಲಿ ನಾನ್‌ಜೆನ್-ಜಿ, ಗಿಂಕಾಕು-ಜಿಗಳು ಪಕ್ಕದ ಸಾಕ್ಯೋ ವಾರ್ಡಿಗೆ ಸೇರುತ್ತವೆಯಾದರೂ ಬೆಟ್ಟ ಒಂದೇ. ದಿನಕ್ಕೊಂದು ಮೂಲೆಯನ್ನು ಹಿಡಿದು ಅಲ್ಲೇ ಇರುವುದು ಜಾಣತನ. ಮೇಲಕ್ಕೂ ಕೆಳಕ್ಕೂ ಓಡಾಡಿದರೆ ದಿನವೆಲ್ಲ ದಾರಿಯಲ್ಲೇ ಕಳೆಯುತ್ತದೆ.

ಮೊದಲ ದಿನಕ್ಕೆ ದಕ್ಷಿಣದ ಶಿಚಿಜೋ ಮೂಲೆಯನ್ನು ಇಟ್ಟುಕೊಳ್ಳಿ. ಸಂಜೂಸಂಗೆನ್-ದೋ, ಅದರ ಎದುರಿಗೇ ಕ್ಯೋಟೋ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಅದೇ ಬೀದಿಯ ಪೂರ್ವದ ತುದಿಯಲ್ಲಿ ಚಿಶಾಕು-ಇನ್. ಮೂರೂ ಕೆಲವೇ ನಿಮಿಷಗಳ ನಡಿಗೆಯಲ್ಲಿವೆ, ದಾರಿಯಲ್ಲಿ ಹೇಳಿಕೊಳ್ಳುವಂಥ ಏರು ಇಲ್ಲ. ನಿಮ್ಮ ಪಟ್ಟಿಯಲ್ಲಿ ಚಿಶಾಕು-ಇನ್ ಇಲ್ಲದಿರುವುದನ್ನು ಕಂಡು ನನಗೆ ಸ್ವಲ್ಪ ಬೇಸರವೇ ಆಯಿತು. ಅಲ್ಲಿಯ ಕೊಳದ ನೀರು ಜಗಲಿಯ ಹಲಗೆಗಳ ಕೆಳಗೆ ನುಗ್ಗಿ ನಿಂತಿದೆ. ಜಗಲಿಯ ಅಂಚಿನಲ್ಲಿ ಕುಳಿತರೆ ತೋಟವು ನಮ್ಮ ಮೊಣಕಾಲಿನ ಕೆಳಗಿನಿಂದಲೇ ಶುರುವಾಗಿ ಎದುರಿನ ದಿಬ್ಬದ ಮೇಲೆ ಕತ್ತರಿಸಿದ ಪೊದೆಗಳಾಗಿ ಏರಿ ಹೋಗುತ್ತದೆ. ನಮ್ಮ ತಾಯಿ ಅಲ್ಲಿ ಮುಕ್ಕಾಲು ಗಂಟೆ ಕುಳಿತು, ಕೊನೆಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ, ಇಲ್ಲಿ ಒಂದು ಲೋಟ ಕಾಫಿ ಸಿಕ್ಕಿದ್ದರೆ ಏಳುತ್ತಲೇ ಇರಲಿಲ್ಲ ಎಂದರು.

ಅದೇ ಆವರಣದ ಸಂಗ್ರಹಾಲಯದಲ್ಲಿ ಹಸೆಗಾವಾ ತೋಹಾಕು ಮತ್ತು ಅವನ ಮಗ ಕ್ಯೂಜೋ ಬಿಡಿಸಿದ ಬಂಗಾರದ ಹಿನ್ನೆಲೆಯ ಚಿತ್ರಗಳಿವೆ. 2023ರಲ್ಲಿ ಅವುಗಳಿಗೆಂದು ಹೊಸ ಕಟ್ಟಡವನ್ನು ತೆರೆದರು. ಮಗನದು ಚೆರ್ರಿ ಹೂವಿನ ಮರ, ತಂದೆಯದು ಮೇಪಲ್. ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡ ತನ್ನ ಮಗ ತ್ಸುರುಮಾತ್ಸುವಿನ ನೆನಪಿಗೆ, ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೋಶಿ ಕಟ್ಟಿಸಿದ ದೇವಾಲಯಕ್ಕಾಗಿ ಇವುಗಳನ್ನು ಬರೆಯಿಸಲಾಯಿತು. ಆ ಕೆಲಸದ ಹೊತ್ತಿನಲ್ಲೇ ಕ್ಯೂಜೋ ಇಪ್ಪತ್ತಾರನೆಯ ವಯಸ್ಸಿನಲ್ಲಿ ಸತ್ತ. ಮಗ ಸತ್ತ ಮೇಲೆ ತಂದೆ ಬರೆದದ್ದು ಆ ಮೇಪಲ್ ಎಂದು ಹೇಳುತ್ತಾರೆ. ಇದನ್ನು ಮೊದಲೇ ತಿಳಿದುಕೊಂಡು ಎರಡು ಮರಗಳ ನಡುವೆ ನಿಂತರೆ ಆಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಕಿಯೋಮಿಜುವನ್ನು ನೋಡಲೇಬೇಕೆಂದಿದ್ದರೆ ಬೆಳಗಿನ ಜಾವವೇ ಹೋಗಿ. ಅದು ಆರು ಗಂಟೆಗೆ ಬಾಗಿಲು ತೆರೆಯುತ್ತದೆ. ಹತ್ತರ ಮೇಲೆ ಹೋದರೆ ನೀವು ನೋಡುವುದು ಜನರ ಬೆನ್ನುಗಳನ್ನು. ಏರುದಾರಿಯ ಕೆಳಗಿನವರೆಗೆ ಟ್ಯಾಕ್ಸಿ ಹೋಗುತ್ತದೆ, ಅಲ್ಲಿಂದ ಮುಂದೆ ಮೆಟ್ಟಿಲು ಬೇಡದವರಿಗಾಗಿ ಇಳಿಜಾರಿನ ದಾರಿಯನ್ನೂ ಮಾಡಿದ್ದಾರೆ. ಸುಮಾರು ಹದಿಮೂರು ಮೀಟರ್ ಎತ್ತರದ ಮರದ ಕಂಬಗಳ ಮೇಲೆ ನಿಂತ ಆ ಜಗಲಿಯನ್ನು 1633ರಲ್ಲಿ ಮರಳಿ ಕಟ್ಟಿದ್ದು. ಕಂಬ ಕಂಬಗಳನ್ನು ಹೆಣೆದ ಅಡ್ಡತೊಲೆಗಳಲ್ಲಿ ಒಂದು ಮೊಳೆಯನ್ನೂ ಹೊಡೆದಿಲ್ಲ. ಜಗಲಿಯ ಮೇಲೆ ನಿಂತಾಗ ಇದು ಕಾಣುವುದಿಲ್ಲ. ಕೆಳಗೆ ಒತೊವಾ ಝರಿಯ ಬಳಿಗೆ ಬಂದು ಕತ್ತೆತ್ತಿ ನೋಡಬೇಕು. ನಿಮ್ಮ ತಂದೆಯವರಿಗೆ ಅಲ್ಲಿ ಚಪ್ಪಲಿ ಕಾಯುವ ಕೆಲಸವಿಲ್ಲ.

ಒಂದು ಎಚ್ಚರಿಕೆ. ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಸೋಮವಾರ ಸರ್ಕಾರಿ ರಜೆ ಬಂದರೆ ಮಂಗಳವಾರ ಮುಚ್ಚುತ್ತಾರೆ. ನಾನೇ ಒಮ್ಮೆ ಆರು ಜನರನ್ನು ಕರೆದುಕೊಂಡು ಹೋಗಿ ಮುಚ್ಚಿದ ಗೇಟಿನ ಮುಂದೆ ಗುಂಪುಚಿತ್ರ ತೆಗೆಸಿಕೊಂಡು ಹಿಂದಿರುಗಿದ್ದೇನೆ.


ಉತ್ತರ 2
ಬರೆದವರು: ಕಂಚುಗಾರ

ಮೇಲಿನವರು ಸಂಜೂಸಂಗೆನ್-ದೋವನ್ನು ಹೆಸರಿಸಿ ಮುಂದೆ ಹೋಗಿಬಿಟ್ಟರು. ನನ್ನ ಮಟ್ಟಿಗೆ ನಿಮ್ಮ ತಾಯಿಯವರ ಇಡೀ ಪ್ರಯಾಣ ಆ ಒಂದು ಕಟ್ಟಡಕ್ಕಾಗಿಯೇ ಆದರೂ ನಷ್ಟವಿಲ್ಲವೆಂಬುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಸಂಜೂಸಂಗೆನ್ ಎಂದರೆ ಮೂವತ್ತಮೂರು ಅಂಕಣ. ನಮ್ಮ ಹಳೆಯ ಮನೆಗಳನ್ನು ಎಷ್ಟು ಅಂಕಣದ ಮನೆ ಎಂದು ಅಳೆಯುತ್ತಿದ್ದೆವಲ್ಲ, ಅದೇ ಲೆಕ್ಕ: ಕಂಬದಿಂದ ಕಂಬಕ್ಕೆ ಒಂದು ಅಂಕಣ. ಕಟ್ಟಡ ಸುಮಾರು 120 ಮೀಟರ್ ಉದ್ದವಾಗಿದೆ. ಗೋ-ಶಿರಾಕಾವಾ ಚಕ್ರವರ್ತಿಗಾಗಿ ತೈರಾ ನೋ ಕಿಯೋಮೋರಿ ಎಂಬ ಸೇನಾನಾಯಕ 1164ರಲ್ಲಿ ಕಟ್ಟಿಸಿದ ಮೂಲ ಕಟ್ಟಡ 1249ರಲ್ಲಿ ಸುಟ್ಟುಹೋಯಿತು, ಈಗಿರುವುದು 1266ರದು. ಒಳಗೆ ಕರುಣೆಯ ಬೋಧಿಸತ್ವನಾದ ಸಹಸ್ರಭುಜ ಅವಲೋಕಿತೇಶ್ವರನ 1001 ಮೂರ್ತಿಗಳು ನಿಂತಿವೆ. ಬೆಂಕಿಯಿಂದ ಉಳಿಸಿಕೊಂಡ ಮೂರ್ತಿಗಳು 124, ಉಳಿದವು ಆಮೇಲಿನವು. ಎಲ್ಲವೂ ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರದಲ್ಲಿ ಕೆತ್ತಿ, ಅರಗಿನ ಮೇಲೆ ಚಿನ್ನದ ರೇಕು ಹಚ್ಚಿದವು. ನಟ್ಟನಡುವೆ ಕುಳಿತಿರುವ ದೊಡ್ಡ ಮೂರ್ತಿಯನ್ನು ತಾಂಕೇಯ್ ಎಂಬ ಶಿಲ್ಪಿ 1254ರಲ್ಲಿ, ತನ್ನ ಎಂಬತ್ತೆರಡನೆಯ ವಯಸ್ಸಿನಲ್ಲಿ ಮುಗಿಸಿದ. ಮೂರ್ತಿಗೆ ಸಾವಿರ ಕೈಗಳನ್ನು ಕೆತ್ತಿಲ್ಲ, ನಲವತ್ತನ್ನು ಕೆತ್ತಿದ್ದಾರೆ. ಒಂದೊಂದು ಕೈಯೂ ಇಪ್ಪತ್ತೈದು ಲೋಕಗಳನ್ನು ಕಾಯುತ್ತದೆಂದು ಲೆಕ್ಕ.

ಆದರೆ ನಿಮ್ಮ ತಾಯಿಯವರಿಗೆ ತೋರಿಸಬೇಕಾದದ್ದು ಈ ಸಾವಿರದ ಸಾಲಿನ ಮುಂದೆ ನಿಂತಿರುವ ಇಪ್ಪತ್ತೆಂಟು ಕಾವಲು ದೇವತೆಗಳನ್ನು. ಅವರಲ್ಲಿ ಹಲವರು ನಮ್ಮ ಪರಿಚಯದವರೇ. ತಾಯ್‌ಶಾಕುತೆನ್ ಎಂದರೆ ಇಂದ್ರ, ದಾಯ್‌ಬೊನ್‌ತೆನ್ ಎಂದರೆ ಬ್ರಹ್ಮ, ಬಿಶಾಮೊನ್‌ತೆನ್ ಎಂದರೆ ವೈಶ್ರವಣ, ಅಂದರೆ ನಮ್ಮ ಕುಬೇರ. ಕರುರಾ ಎಂಬ ರೆಕ್ಕೆಯುಳ್ಳ, ಕೊಕ್ಕಿನ ಮುಖದವನು ಗರುಡ. ಅವನು ಕೈಮುಗಿದು ನಿಂತಿಲ್ಲ, ಕೊಳಲೂದುತ್ತಿದ್ದಾನೆ. ನಮ್ಮಲ್ಲಿ ಒಡೆಯನ ಕೈಯಲ್ಲಿರುವ ಕೊಳಲು ಅಲ್ಲಿ ವಾಹನದ ಕೈಗೆ ಬಂದಿರುವುದನ್ನು ಕಂಡು ನಾನು ಬಹಳ ಹೊತ್ತು ನಿಂತಿದ್ದೆ. ಇನ್ನೊಬ್ಬ ಬಸು ಸೆನ್ನಿನ್, ವಸು ಋಷಿ; ಎದೆಯ ಮೂಳೆಗಳು ಎಣಿಸುವಂತೆ ಕಾಣುವ, ಕೋಲೂರಿದ ಮುದುಕ. ಇವರೆಲ್ಲರ ಕಣ್ಣುಗಳಿಗೆ ಒಳಗಡೆಯಿಂದ ಸ್ಫಟಿಕ ಕೂರಿಸಿದ್ದಾರೆ. ನೀವು ಹೆಜ್ಜೆ ಮುಂದಿಟ್ಟಂತೆ ಕಣ್ಣಿನ ಬೆಳಕೂ ಸರಿಯುತ್ತದೆ, ಬೆಚ್ಚಿಬೀಳುವಷ್ಟು ಜೀವಂತವಾಗಿ. ಸಾಲಿನ ಎರಡು ತುದಿಗಳಲ್ಲಿ ಗಾಳಿಚೀಲ ಹೊತ್ತ ವಾಯು ಮತ್ತು ಚಂಡೆಗಳ ಬಳೆಯನ್ನೇ ಬೆನ್ನಿಗೆ ಕಟ್ಟಿಕೊಂಡ ಗುಡುಗಿನ ದೇವರು ಇದ್ದಾರೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ನೆನಪು ಬಾರದಿರದು. ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿ ಆಳುಪ ಅರಸ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ಮೂರ್ತಿ ಇದೆ: ಮೂರು ಮುಖ, ಆರು ಕೈ. ಅವಲೋಕಿತೇಶ್ವರನೆಂದು ಹಲವು ವಿದ್ವಾಂಸರು ಗುರುತಿಸುವ ಆ ಮೂರ್ತಿಗೆ ಇಂದಿಗೂ ಪೂಜೆ ನಡೆಯುತ್ತದೆ. ಕದ್ರಿಯನ್ನು ನೋಡಿದ ತಾಯಿಯವರಿಗೆ ಸಂಜೂಸಂಗೆನ್-ದೋ ಪರದೇಶವೆನಿಸುವುದಿಲ್ಲ.

ಒಳಗೆ ಚಿತ್ರ ತೆಗೆಯುವಂತಿಲ್ಲ. ಪಾದರಕ್ಷೆ ಬಿಟ್ಟು ಹೋಗಬೇಕು. ನವೆಂಬರಿನಲ್ಲಿ ಆ ಮರದ ನೆಲ ತಣ್ಣಗೆ ಕೊರೆಯುತ್ತದೆ, ಆದ್ದರಿಂದ ದಪ್ಪನೆಯ ಉಣ್ಣೆಯ ಕಾಲುಚೀಲ ಇರಲಿ. ಒಳಗಿನ ಓಣಿ ಉದ್ದಕ್ಕೂ ಸಮತಟ್ಟಾಗಿದೆ. ಬರುವಾಗ ಹಿಂಬದಿಯ ಜಗಲಿಯ ಉದ್ದವನ್ನು ಹೊರಗಿನಿಂದ ನೋಡಿ: ಆ ಜಗಲಿಯ ಒಂದು ತುದಿಯಲ್ಲಿ ಕುಳಿತು ಇನ್ನೊಂದು ತುದಿಗೆ ಬಾಣ ಬಿಡುವ ಪಂದ್ಯ ಅಲ್ಲಿ ನಡೆಯುತ್ತಿತ್ತು. 1686ರಲ್ಲಿ ವಾಸಾ ದಾಯ್‌ಹಾಚಿರೋ ಎಂಬವನು ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣ ಬಿಟ್ಟು 8,133 ಗುರಿ ಮುಟ್ಟಿಸಿದ.

ಇದೇ ವಾಯು ಮತ್ತು ಗುಡುಗಿನ ದೇವರನ್ನು ತವಾರಾಯಾ ಸೊತಾತ್ಸು ಎಂಬ ಚಿತ್ರಕಾರ ಮಡಿಸುವ ಚಿನ್ನದ ತೆರೆಯ ಮೇಲೆ ಬರೆದಿದ್ದಾನೆ. ಅದು ಕೆನ್ನಿನ್-ಜಿಯ ಆಸ್ತಿ; ಮೂಲವನ್ನು ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಶಕ್ಕೆ ಕೊಟ್ಟಿದ್ದಾರೆ, ದೇವಾಲಯದಲ್ಲಿ ಪ್ರತಿಯನ್ನು ಇಟ್ಟಿದ್ದಾರೆ. ಆದ್ದರಿಂದ ಕೆನ್ನಿನ್-ಜಿಯನ್ನು ಪಟ್ಟಿಯಿಂದ ತೆಗೆಯಬೇಡಿ. 1202ರಲ್ಲಿ ಏಯ್‌ಸಾಯ್ ಸ್ಥಾಪಿಸಿದ ಈ ಜೆನ್ ಮಠ ಗಿಯೋನ್ ಪೇಟೆಯ ಮಗ್ಗುಲಲ್ಲೇ ಇದೆ, ನೆಲ ಸಮತಟ್ಟು, ಚಿತ್ರ ತೆಗೆಯಲು ಅಡ್ಡಿಯಿಲ್ಲ. ಧರ್ಮಸಭೆಯ ಚಾವಣಿ ತುಂಬ 2002ರಲ್ಲಿ ಬರೆದ ಜೋಡಿ ಡ್ರ್ಯಾಗನ್‌ಗಳಿವೆ.


ತುಂಗಾತೀರ ಅವರ ಪ್ರತಿಕ್ರಿಯೆ

ಇಬ್ಬರಿಗೂ ಕೃತಜ್ಞತೆಗಳು. ಗರುಡನ ಕೊಳಲಿನ ವಿಷಯವನ್ನು ಓದಿ ಹೇಳಿದೊಡನೆ ತಾಯಿಯವರು ಮೊದಲ ದಿನದ ಕಾರ್ಯಕ್ರಮವನ್ನು ತಾವೇ ಅಂಗೀಕರಿಸಿಬಿಟ್ಟರು. ತಂದೆಯವರು ಮಾತ್ರ, ಸಾವಿರದೊಂದು ಮೂರ್ತಿಗಳಿಗೆ ಒಂದೇ ನಮಸ್ಕಾರ ಸಾಲುತ್ತದೆಯೇ ಎಂದು ಕೇಳಿ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡಿದ್ದಾರೆ. ಅವರಿಗಾಗಿ ಎರಡನೆಯ ದಿನ ಏನಾದರೂ ಇದ್ದರೆ ತಿಳಿಸಿ. ಮರಳಿನ ತೋಟದ ಪ್ರಶ್ನೆಯೂ ಹಾಗೆಯೇ ಉಳಿದಿದೆ.


ಉತ್ತರ 3
ಬರೆದವರು: ಮೇಲ್ಗಾಲುವೆ

ನಾನು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ನಾಲೆಗಳ ಏರಿ ಸವೆಸಿದವನು. ನಿಮ್ಮ ತಂದೆಯವರು ಪತ್ರಿಕೆಯನ್ನು ಕೆಳಗಿಡುವಂಥ ವಿಷಯವನ್ನೇ ಹೇಳುತ್ತೇನೆ.

1869ರಲ್ಲಿ ರಾಜಧಾನಿ ಟೋಕಿಯೋಕ್ಕೆ ಹೋದ ಮೇಲೆ ಕ್ಯೋಟೋ ಸೊರಗತೊಡಗಿತು. ಬೆಟ್ಟದ ಆಚೆಗಿರುವ ಬಿವಾ ಸರೋವರದ ನೀರನ್ನು ಸುರಂಗ ಕೊರೆದು ಊರಿಗೆ ತಂದರೆ ಕೈಗಾರಿಕೆ ಬೆಳೆಯುತ್ತದೆಂದು ರಾಜ್ಯಪಾಲ ಕಿತಗಾಕಿ ಕುನಿಮಿಚಿ ಎಣಿಸಿದ. ಕೆಲಸವನ್ನು ವಹಿಸಿದ್ದು ತನಾಬೆ ಸಕುರೋ ಎಂಬ ಯುವಕನಿಗೆ. ಕಾಲೇಜಿನಲ್ಲಿ ಇದೇ ನಾಲೆಯ ಮೇಲೆ ಪ್ರಬಂಧ ಬರೆದು 1883ರಲ್ಲಿ ಹೊರಬಂದವನು. 1885ರಲ್ಲಿ ಶುರುವಾದ ಕೆಲಸ 1890ರಲ್ಲಿ ಮುಗಿಯಿತು. ಮೊದಲು ಯೋಚಿಸಿದ್ದು ನೀರಿನ ಗಾಲಿಗಳನ್ನು. ನಡುವೆ ತನಾಬೆ ಅಮೆರಿಕಾಕ್ಕೆ ಹೋಗಿ ಕೊಲರಾಡೋದ ಆಸ್ಪೆನ್‌ನಲ್ಲಿ ನೀರಿನಿಂದ ವಿದ್ಯುತ್ತು ಮಾಡುವುದನ್ನು ಕಂಡು ಬಂದು ಯೋಜನೆಯನ್ನೇ ಬದಲಿಸಿದ. 1891ರಲ್ಲಿ ಕೆಆಗೆ ವಿದ್ಯುತ್ ಕೇಂದ್ರ ಕೆಲಸ ಆರಂಭಿಸಿತು. ಅದೇ ಕರೆಂಟಿನ ಬಲದ ಮೇಲೆ 1895ರಲ್ಲಿ ಕ್ಯೋಟೋದ ಬೀದಿಯಲ್ಲಿ ಟ್ರಾಮ್ ಓಡಿತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ. ಹನ್ನೊಂದು ವರ್ಷಗಳ ಅಂತರ ಅಷ್ಟೇ. ನಮ್ಮ ವಿಶ್ವೇಶ್ವರಯ್ಯನವರು ಜಪಾನನ್ನು ನೋಡಲೆಂದೇ ರಜೆ ಹಾಕಿ ಹೋಗಿ ಬಂದದ್ದು 1898ರಲ್ಲಿ. ವಿದ್ಯುತ್ ಮಂಡಳಿಯಲ್ಲಿ ಬದುಕು ಕಳೆದವರಿಗೆ ಈ ಇಸವಿಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲೆಯ ನೀರು ಬೆಟ್ಟದಿಂದ ಇಳಿಯುವ ಕಡೆ ಸುಮಾರು 36 ಮೀಟರ್ ಇಳಿತವಿದೆ, ದೋಣಿ ಇಳಿಯಲಾರದು. ಅದಕ್ಕಾಗಿ 582 ಮೀಟರ್ ಉದ್ದದ ಇಳಿಜಾರಿನಲ್ಲಿ ರೈಲು ಹಳಿ ಹಾಕಿ, ದೋಣಿಯನ್ನು ಸರಕಿನ ಸಮೇತ ಗಾಡಿಯ ಮೇಲೆ ಕೂರಿಸಿ ಇಳಿಸುತ್ತಿದ್ದರು. ಆ ಹಳಿಗಳು ಇನ್ನೂ ಇವೆ, ಅವುಗಳ ನಡುವೆ ನಡೆಯಬಹುದು. ಸುರಂಗ ರೈಲಿನ ಕೆಆಗೆ ನಿಲ್ದಾಣದಿಂದ ಮೇಲೆ ಬಂದರೆ ಎದುರಿಗೇ ಸಿಗುತ್ತದೆ. ಹಳಿಯ ಕೆಳಗೆ ಹಾದುಹೋಗಲು ಇಟ್ಟಿಗೆಯ ಒಂದು ಸಣ್ಣ ಸುರಂಗವಿದೆ. ಅದರ ಕಮಾನಿನ ಇಟ್ಟಿಗೆಗಳನ್ನು ನೇರವಾಗಿ ಇಟ್ಟಿಲ್ಲ, ತಿರುಪಿನ ಸುತ್ತಿನಂತೆ ಓರೆಯಾಗಿ ಇಟ್ಟಿದ್ದಾರೆ. ದಾರಿಯು ಹಳಿಯನ್ನು ಓರೆಯಾಗಿ ದಾಟುವುದರಿಂದ ಮೇಲಿನ ಭಾರ ತಾಳಲು ಹಾಗೆ ಮಾಡಿದ್ದು. ಎಷ್ಟೋ ಜನ ಅದರೊಳಗೆ ಛತ್ರಿ ಮಡಿಸಿಕೊಂಡು ಹಾಗೆಯೇ ನಡೆದುಹೋಗುತ್ತಾರೆ. ನಿಮ್ಮ ತಂದೆಯವರಿಗೆ ತಲೆ ಎತ್ತಲು ಹೇಳಿ. ಹತ್ತಿರದಲ್ಲೇ ನಾಲೆಯ ಸ್ಮಾರಕ ವಸ್ತುಸಂಗ್ರಹಾಲಯವಿದೆ, ಪ್ರವೇಶ ಉಚಿತ, ಅದಕ್ಕೂ ಸೋಮವಾರ ರಜೆ.

ಅಲ್ಲಿಂದ ನಾನ್‌ಜೆನ್-ಜಿ ಹತ್ತು ನಿಮಿಷ. 1291ರಲ್ಲಿ ಸ್ಥಾಪನೆಯಾದ ಈ ಮಠದ ಅಂಗಳದಲ್ಲೇ 1888ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮೇಲ್ಗಾಲುವೆ ಹಾದುಹೋಗುತ್ತದೆ. ಮಠದ ನಡುವೆ ಇಟ್ಟಿಗೆಯ ಕಮಾನುಗಳನ್ನು ನಿಲ್ಲಿಸಿದ್ದಕ್ಕೆ ಅಂದು ಆಕ್ಷೇಪಣೆಗಳೂ ಇದ್ದವಂತೆ. ಇಂದು ಅದರ ಮೇಲೆ ಪಾಚಿ ಹಬ್ಬಿ, ಅದೂ ಮಠದಷ್ಟೇ ಹಳೆಯದೇನೋ ಎಂಬಂತೆ ನಿಂತಿದೆ. ಪಕ್ಕದ ದಿಬ್ಬ ಹತ್ತಿದರೆ ಮೇಲೆ ನೀರು ಓಡುತ್ತಿರುವುದನ್ನು ಕಣ್ಣಾರೆ ನೋಡಬಹುದು. ನೂರಮೂವತ್ತು ವರ್ಷ ದಾಟಿದ ಇಟ್ಟಿಗೆಯ ಕಾಲುವೆ ಇನ್ನೂ ನೀರು ಹೊರುತ್ತಿರುವುದನ್ನು ಕಂಡು ನನಗೆ ನಮ್ಮ ಕೆಲವು ಹೊಸ ನಾಲೆಗಳು ನೆನಪಾಗಿ ಸುಮ್ಮನಾದೆ.

ಈಗ ತೋಟಗಳಿಗೆ ಬರುತ್ತೇನೆ, ಏಕೆಂದರೆ ಈ ನಾಲೆ ಇಲ್ಲದಿದ್ದರೆ ಆ ಭಾಗದ ಹಲವು ತೋಟಗಳೇ ಇರುತ್ತಿರಲಿಲ್ಲ. ಕೈಗಾರಿಕೆಗೆಂದು ತಂದ ನೀರನ್ನು ಕಾಲುವೆ ತೋಡಿ ಮನೆಯಂಗಳಕ್ಕೆ ಹರಿಸಿಕೊಂಡ ಶ್ರೀಮಂತರಲ್ಲಿ ಯಮಾಗಾತಾ ಅರಿತೊಮೊ ಮೊದಲಿಗ. ಪ್ರಧಾನಿಯೂ ಸೇನಾನಿಯೂ ಆಗಿದ್ದ ಅವನ ಮುರಿನ್-ಆನ್ ತೋಟವನ್ನು ಏಳನೆಯ ಒಗಾವಾ ಜಿಹೇಯ್ ಎಂಬ ತೋಟಗಾರ 1890ರ ದಶಕದಲ್ಲಿ ನಿರ್ಮಿಸಿದ. ಅಲ್ಲಿ ಕೊಳವಲ್ಲ, ಹರಿಯುವ ತೊರೆ ಇದೆ. ಮೊಣಕಾಲಿನಷ್ಟೂ ಆಳವಿಲ್ಲದ ನೀರು ಕಲ್ಲುಗಳ ನಡುವೆ ಮಾತಾಡುತ್ತ ಹೋಗುತ್ತದೆ. ತೋಟದ ಕೊನೆಯ ಗೋಡೆಯನ್ನು ಮರಗಳಿಂದ ಮರೆಮಾಡಿ ಹಿಂದಿನ ಬೆಟ್ಟವನ್ನೇ ತೋಟದ ಭಾಗವಾಗಿಸಿದ್ದಾರೆ. ಪಕ್ಕದ ಕಟ್ಟಡದ ಮಹಡಿಯ ಕೋಣೆಯಲ್ಲಿ 1903ರ ಏಪ್ರಿಲಿನಲ್ಲಿ ಯಮಾಗಾತಾ, ಹಿರಿಯ ಮುತ್ಸದ್ದಿ ಇತೋ, ಪ್ರಧಾನಿ ಕತ್ಸುರಾ, ವಿದೇಶಾಂಗ ಸಚಿವ ಕೊಮುರಾ ನಾಲ್ವರೂ ಕುಳಿತು ರಷ್ಯಾದ ವಿಷಯದಲ್ಲಿ ಜಪಾನಿನ ನಿಲುವನ್ನು ಚರ್ಚಿಸಿದರು. ಮುಂದಿನ ವರ್ಷವೇ ಯುದ್ಧ. ಹೇಯಾನ್ ಗುಡಿಯ ವಿಶಾಲವಾದ ತೋಟವೂ ಇದೇ ಜಿಹೇಯ್‌ನ ಕೈಕೆಲಸ, ಅದರ ಕೊಳಗಳಿಗೂ ಇದೇ ನೀರು.

ಮರಳಿನ ತೋಟದ ವಿಷಯ. ನಾನ್‌ಜೆನ್-ಜಿಯ ಮಗ್ಗುಲಿನ ಕೊಂಚಿ-ಇನ್‌ನಲ್ಲಿ ಕೊಬೊರಿ ಎನ್‌ಶು ಯೋಜಿಸಿದ, ಕೊಕ್ಕರೆ ಮತ್ತು ಆಮೆಯ ತೋಟವಿದೆ. ಬಲಕ್ಕೆ ಕೊಕ್ಕರೆ, ಎಡಕ್ಕೆ ಆಮೆ. ಕೊಕ್ಕರೆಯ ಕತ್ತು ಒಂದೇ ಉದ್ದನೆಯ ಕಲ್ಲು. ಮೊದಲ ಐದು ನಿಮಿಷ ನನಗೂ ಕಲ್ಲಷ್ಟೇ ಕಂಡವು. ಕುಳಿತೇ ಇದ್ದೆ. ಆಮೇಲೆ ಬಿಸಿಲು ಓರೆಯಾಗಿ ಮರಳಿನ ಗೆರೆಗಳಲ್ಲಿ ನೆರಳು ಮೂಡಿತು, ಮರಳು ನೀರಾಯಿತು, ಆಮೆ ದಡಕ್ಕೆ ಬರುತ್ತಿತ್ತು. ನಿಮ್ಮ ತಾಯಿಯವರಿಗೆ ಒಂದು ಮಾತು ಹೇಳಿ: ನಮ್ಮಲ್ಲಿ ನಾಲ್ಕು ಚುಕ್ಕಿ ಇಟ್ಟು ಗೆರೆ ಎಳೆದು ಕಮಲ ಎನ್ನುತ್ತೇವಲ್ಲ, ಅದನ್ನು ಹೊರಗಿನವರು ಬಂದು ಇದರಲ್ಲಿ ಹೂವೆಲ್ಲಿದೆ ಎಂದು ಕೇಳಿದರೆ ಅವರು ಏನೆನ್ನುತ್ತಾರೆ?


ಉತ್ತರ 4
ಬರೆದವರು: ಪಾಚಿಪ್ರಿಯ

ಎಲ್ಲರೂ ಗಿಂಕಾಕು-ಜಿಯನ್ನು ಸದ್ದಿಲ್ಲದೆ ಕೈಬಿಟ್ಟಂತಿದೆ, ನಾನು ಒಪ್ಪುವುದಿಲ್ಲ. ಬೆಳ್ಳಿಯ ಮಂಟಪವೆಂದು ಹೆಸರಾದರೂ ಅದಕ್ಕೆ ಬೆಳ್ಳಿ ಹೊದಿಸಿಯೇ ಇರಲಿಲ್ಲ ಎಂಬ ಕಾರಣಕ್ಕೆ ನಿರಾಶರಾಗುವವರಿದ್ದಾರೆ. ಅಶಿಕಾಗಾ ಯೋಶಿಮಾಸಾ 1482ರಲ್ಲಿ ಕಟ್ಟಿಸತೊಡಗಿದ ಆ ವಿಶ್ರಾಂತಿಧಾಮದ ಸೊಗಸಿರುವುದು ಮಂಟಪದಲ್ಲಲ್ಲ, ಅದರ ಹಿಂದಿನ ಪಾಚಿಯ ಇಳಿಜಾರಿನಲ್ಲಿ. ಎದುರಿಗೆ ತಲೆ ಕತ್ತರಿಸಿದ ಶಂಕುವಿನಂತೆ ನಿಲ್ಲಿಸಿದ ಆಳೆತ್ತರದ ಮರಳ ಗುಡ್ಡೆಯೂ ಇದೆ. ಮಳೆ ಬಂದ ಮರುದಿನವೂ ಅದು ಅಷ್ಟೇ ನುಣುಪಾಗಿರುತ್ತದೆ, ಯಾರೋ ಮುಂಜಾನೆಯೇ ಎದ್ದು ತಟ್ಟಿರುತ್ತಾರೆ. ನಿಜ, ಮೇಲಿನ ದಾರಿಗೆ ಮೆಟ್ಟಿಲುಗಳಿವೆ. ತಾಯಿಯವರು ಕೆಳಗೆ ಮರಳಿನ ಬಳಿ ನಿಲ್ಲಲಿ, ನೀವು ಹತ್ತಿ ಬನ್ನಿ. ಅಲ್ಲಿಂದ ದಕ್ಷಿಣಕ್ಕೆ ತತ್ವಜ್ಞಾನಿಯ ಹಾದಿ ಎಂಬ ಕಾಲುದಾರಿ ಸುಮಾರು ಎರಡು ಕಿಲೋಮೀಟರ್ ಹೋಗುತ್ತದೆ. ಪ್ರಾಧ್ಯಾಪಕ ನಿಶಿದಾ ಕಿತಾರೋ ಯೋಚಿಸುತ್ತ ನಡೆಯುತ್ತಿದ್ದ ದಾರಿಯೆಂದು ಆ ಹೆಸರು. ಅದರ ಪಕ್ಕದಲ್ಲಿ ಹರಿಯುವುದೂ ಮೇಲಿನವರು ಹೇಳಿದ ನಾಲೆಯ ಕವಲೇ.

ತೋಫುಕು-ಜಿಯನ್ನು ಮಾತ್ರ ಖಂಡಿತ ಬಿಡಿ. ಶಿಗೆಮೊರಿ ಮಿರೇಯ್ 1939ರಲ್ಲಿ ಪಾಚಿ ಮತ್ತು ಕಲ್ಲುಗಳಿಂದ ಮಾಡಿದ ಚೌಕಳಿಯ ತೋಟ ನನ್ನ ಪ್ರಾಣ. ಆದರೂ ನವೆಂಬರ್ ಕೊನೆಯಲ್ಲಿ ಅಲ್ಲಿಯ ಸೇತುವೆಯ ಮೇಲೆ ನಿಂತರೆ ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿದಂತೆಯೇ. ಹೋಗುವುದು ನೀವಲ್ಲ, ಗುಂಪು.


ಉತ್ತರ 5
ಬರೆದವರು: ಅಡುಗೆಮನೆಯಿಂದ

ಊಟದ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಜಪಾನಿನಲ್ಲಿ ತರಕಾರಿಯೆಂದು ಕೊಟ್ಟದ್ದರಲ್ಲೂ ದಾಶಿ ಎಂಬ ಸಾರಿನ ಕಟ್ಟು ಸೇರಿರುತ್ತದೆ. ಅದನ್ನು ಸಾಮಾನ್ಯವಾಗಿ ಒಣಗಿಸಿ ತುರಿದ ಮೀನಿನಿಂದ ತೆಗೆಯುತ್ತಾರೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಇದು ತಪ್ಪುವುದಿಲ್ಲ. ಮೀನಿನ ದಾಶಿಯೂ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿಯೊಂದನ್ನು ಇಟ್ಟುಕೊಳ್ಳಿ. ನಾನ್‌ಜೆನ್-ಜಿಯ ಸುತ್ತಮುತ್ತ ಯುದೋಫು, ಅಂದರೆ ಬಿಸಿನೀರಲ್ಲಿ ಕುದಿಯುವ ತೋಫು ಪ್ರಸಿದ್ಧ. ಕುದಿಯುವ ನೀರಿಗೆ ಕೊಂಬು ಎಂಬ ಕಡಲ ಸಸ್ಯವನ್ನು ಮಾತ್ರ ಹಾಕಿರುತ್ತಾರೆ, ಆದರೆ ಅದ್ದಿಕೊಳ್ಳುವ ರಸದಲ್ಲಿ ಮೀನು ಇರಬಹುದು. ಆ ರಸದ ಬದಲು ಬರಿಯ ಸೋಯಾ ರಸ ಕೇಳಿ. ಎಲ್ಲಕ್ಕಿಂತ ನಿಶ್ಚಿಂತೆಯದು ಶೋಜಿನ್ ರ್ಯೋರಿ ಎಂಬ ಮಠದ ಊಟ. ಸಂಪ್ರದಾಯದಂತೆ ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಮಡಿಯವರಿಗೆ ಬೇಕಾದದ್ದೇ ಅಲ್ಲವೇ? ಮುಂಚಿತವಾಗಿ ಹೇಳಿಡಬೇಕು. ಮಾವಿನಕಾಯಿ ಉಪ್ಪಿನಕಾಯಿಯ ಪುಟ್ಟ ಡಬ್ಬಿ ಚೀಲದಲ್ಲಿರಲಿ, ಅಲ್ಲಿಯ ಅನ್ನ ಬಹಳ ರುಚಿ.


ತುಂಗಾತೀರ ಅವರ ಪ್ರತಿಕ್ರಿಯೆ

ತಂದೆಯವರು ಪತ್ರಿಕೆಯನ್ನು ಕೆಳಗಿಟ್ಟಿದ್ದಾರೆ. ದೋಣಿಯ ಗಾಡಿಯನ್ನು ಯಾವ ಗಾತ್ರದ ಹಗ್ಗದಿಂದ ಎಳೆಯುತ್ತಿದ್ದರು ಎಂದು ನನ್ನನ್ನು ಪೀಡಿಸುತ್ತಿದ್ದಾರೆ. ಈಗಿನ ಪ್ರಕಾರ ಮೊದಲ ದಿನ ಶಿಚಿಜೋ ಮೂಲೆ. ಎರಡನೆಯ ದಿನ ಕೆಆಗೆ, ನಾನ್‌ಜೆನ್-ಜಿ, ಕೊಂಚಿ-ಇನ್, ಮುರಿನ್-ಆನ್. ಮೂರನೆಯ ದಿನ ಬೆಳಗಿನ ಆರಕ್ಕೆ ಕಿಯೋಮಿಜು, ನಂತರ ಕೆನ್ನಿನ್-ಜಿ. ಗಿಂಕಾಕು-ಜಿಯನ್ನು ಮಂಡಿಯ ಸ್ಥಿತಿ ನೋಡಿಕೊಂಡು ನಿರ್ಧರಿಸುತ್ತೇವೆ. ತಾಯಿಯವರ ಪ್ರಶ್ನೆ ಒಂದೇ: ಅಲ್ಲಿ ಹೂವು, ಕಾಯಿ ಒಪ್ಪಿಸಬಹುದೇ, ಹೇಗೆ ಕೈಮುಗಿಯಬೇಕು? ಜೊತೆಗೆ, ಏಯ್ಕಾನ್-ದೋವನ್ನು ಬಿಟ್ಟದ್ದು ಸರಿಯೇ?


ಉತ್ತರ 6
ಬರೆದವರು: ಒಸಾಕಾದ ಹಳಬ

ಹೂವು, ತೆಂಗಿನಕಾಯಿ ಬೇಡ. ಪೆಟ್ಟಿಗೆಗೆ ಒಂದು ನಾಣ್ಯ ಹಾಕಿ ಸದ್ದಿಲ್ಲದೆ ಕೈಮುಗಿದರೆ ಬೌದ್ಧ ದೇವಾಲಯದಲ್ಲಿ ಅದೇ ಪೂಜೆ; ಊದುಬತ್ತಿ ಇಟ್ಟಿರುವ ಕಡೆ ಹಚ್ಚಬಹುದು. ಹೇಯಾನ್‌ನಂತಹ ಶಿಂತೋ ಗುಡಿಗಳಲ್ಲಿ ಮಾತ್ರ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುತ್ತಾರೆ. ಬಾಗಿಲಲ್ಲಿರುವ ತೊಟ್ಟಿಯ ನೀರಿನಿಂದ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದು, ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಬೇಕು. ಸೌಟನ್ನು ಬಾಯಿಗೆ ತಾಗಿಸಬಾರದು. ಎಂಜಲಿನ ಈ ಲೆಕ್ಕ ತಾಯಿಯವರಿಗೆ ತಕ್ಷಣ ಅರ್ಥವಾಗುತ್ತದೆ.

ಗಿಯೋನ್ ಕಡೆ ನಡೆಯುವಾಗ ಒಂದು ಗಮನ: ಅಲ್ಲಿಯ ಖಾಸಗಿ ಓಣಿಗಳಿಗೆ ಪ್ರವಾಸಿಗರು ಹೋಗಬಾರದೆಂದು ಫಲಕ ಹಾಕಿದ್ದಾರೆ, ದಂಡ ಹತ್ತು ಸಾವಿರ ಯೆನ್.

ಏಯ್ಕಾನ್-ದೋವನ್ನು ಗುಂಪಿನ ಭಯದಿಂದ ನಾನೇ ಹೆಸರಿಸದೆ ಬಿಟ್ಟಿದ್ದೆ, ಈಗ ಅದನ್ನು ತಿದ್ದಿಕೊಳ್ಳುತ್ತೇನೆ. ಅಲ್ಲಿ 77 ಸೆಂಟಿಮೀಟರಿನ ಅಮಿದಾ ಬುದ್ಧನ ಮೂರ್ತಿ ಇದೆ, ಅವನ ಮುಖ ಮುಂದಕ್ಕಿಲ್ಲ; ಎಡ ಹೆಗಲಿನ ಮೇಲಿಂದ ಹಿಂತಿರುಗಿ ನೋಡುತ್ತಿದ್ದಾನೆ. 1082ರಲ್ಲಿ ಏಯ್ಕಾನ್ ಎಂಬ ಭಿಕ್ಷು ನಾಮಜಪ ಮಾಡುತ್ತ ಪ್ರದಕ್ಷಿಣೆ ಹಾಕುತ್ತಿದ್ದಾಗ ಬುದ್ಧನೇ ಪೀಠದಿಂದಿಳಿದು ಮುಂದೆ ನಡೆದನಂತೆ. ಭಿಕ್ಷು ಬೆರಗಾಗಿ ನಿಂತುಬಿಟ್ಟ. ಆಗ ಬುದ್ಧ ತಿರುಗಿ, ಏಯ್ಕಾನ್, ನಿಧಾನವಾಯಿತಲ್ಲ, ಎಂದನಂತೆ. ಮಂಡಿ ಹಿಡಿದುಕೊಂಡು ಹಿಂದೆ ಬರುವವರಿಗೆ ಇದಕ್ಕಿಂತ ಹತ್ತಿರದ ದೇವರು ಆ ಊರಿನಲ್ಲಿಲ್ಲ. ಎರಡನೆಯ ದಿನ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಎಲೆಗಳ ಕಡೆಗೆ ನೋಡದೆ ನೇರವಾಗಿ ಅಮಿದಾನ ಬಳಿಗೆ ಹೋಗಿ. ಎದುರಿನಿಂದ ನಿಂತರೆ ಕಿವಿಯಷ್ಟೇ ಕಾಣುತ್ತದೆ. ಮುಖ ನೋಡಬೇಕಾದರೆ ನಿಮ್ಮ ಬಲಗಡೆಗೆ ಸರಿದು ಪಕ್ಕದಲ್ಲಿ ನಿಲ್ಲಬೇಕು.